ಬಲಗೆನ್ನೆ ಒಂದು ಬಣ್ಣ, ಎಡಗೆನ್ನೆ ಇನ್ನೊಂದು ಬಣ್ಣ: ಕ್ಯಾಬ್ ಓಡಿಸುವವರು ಮುಖಕ್ಕೆ ಏನು ಮಾಡಬೇಕು?

ಹೆಬ್ಬಾಳ ಜಾಮ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಗಂಡಸು ಮುಖದ ಕಾಂತಿ ಬಗ್ಗೆ ಕೇಳಿದರೆ ನಗುತ್ತಾರೆ ಅಂತ ಗೊತ್ತು. ನಕ್ಕರೂ ಪರವಾಗಿಲ್ಲ, ನಕ್ಕು ಆದಮೇಲೆ ಉತ್ತರ ಕೊಡಿ.

ನನಗೆ 37. ಊರು ನಾಗಮಂಗಲದ ಕಡೆ, ಇರುವುದು ಬೆಂಗಳೂರು. ಒಂಬತ್ತು ವರ್ಷದಿಂದ ಕ್ಯಾಬ್ ಓಡಿಸುತ್ತಿದ್ದೇನೆ. ಜಾಸ್ತಿ ಏರ್‌ಪೋರ್ಟ್ ಟ್ರಿಪ್ಪೇ.

ಹೋದ ತಿಂಗಳು ಮಗಳ ಸ್ಕೂಲಿನಲ್ಲಿ ಅಪ್ಪ ಅಮ್ಮನ ಫೋಟೊ ಕೇಳಿದರು. ಮಗುವನ್ನು ಕರೆದುಕೊಂಡು ಹೋಗಲು ಬರುವವರಿಗೆ ಒಂದು ಕಾರ್ಡ್ ಕೊಡುತ್ತಾರಂತೆ, ಅದಕ್ಕೆ. ಸ್ಟುಡಿಯೋಗೆ ಹೋಗಿ ಸ್ಟೂಲಿನ ಮೇಲೆ ಕೂತೆ. ಹುಡುಗ ಒಂದು ಫೋಟೊ ತೆಗೆದ, ಕಂಪ್ಯೂಟರ್ ನೋಡಿದ, ಎದ್ದು ಬಂದು ನನ್ನ ಬಲಗಡೆ ಇದ್ದ ಛತ್ರಿ ಲೈಟನ್ನು ಹತ್ತಿರಕ್ಕೆ ಎಳೆದ. ಇನ್ನೊಂದು ತೆಗೆದ. ಮತ್ತೆ ಎದ್ದು ಲೈಟ್ ಇನ್ನೂ ಹತ್ತಿರಕ್ಕೆ ಎಳೆದ. ಈಗ ಅದರ ಬಿಸಿ ನನ್ನ ಕಿವಿಗೆ ತಾಗುತ್ತಿತ್ತು. ಮೂರನೇ ಸಲ ಕಂಪ್ಯೂಟರ್ ನೋಡಿ, "ಅಣ್ಣಾ, ಲೈಟ್ ಸರಿಯಾಗೇ ಇದೆ. ನಿಮ್ಮ ಮುಖಾನೇ ಒಂದು ಕಡೆ ಕಪ್ಪಿದೆ" ಅಂದ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. "ನಿಮಗೆ ಈಗ ಗೊತ್ತಾಯ್ತಾ?" ಅಂದಳು. ಅವಳಿಗೆ ಯಾವಾಗಲೋ ಗೊತ್ತಂತೆ. ಕನ್ನಡಿ ಮುಂದೆ ನಿಂತು ನೋಡಿದರೆ ಹೌದು. ಬಲಗೆನ್ನೆ, ಬಲಗಡೆ ಹಣೆ, ಕಿವಿಯ ತುದಿ, ಬಲಗೈ ಮೊಣಕೈವರೆಗೆ ಎಲ್ಲ ಒಂದು ಬಣ್ಣ. ಎಡಗಡೆ ಬೇರೆಯವರದ್ದು ತಂದು ಅಂಟಿಸಿದ ಹಾಗಿದೆ. ಬಲಗೆನ್ನೆ ಮುಟ್ಟಿದರೂ ಸ್ವಲ್ಪ ಒರಟು.

ನನಗೆ ಅರ್ಥ ಆಗದೇ ಇರೋದು ಇದು. ನಾನು ಗಾಜು ಏರಿಸಿ ಎಸಿ ಹಾಕಿಕೊಂಡೇ ಓಡಿಸುವುದು. ಬಿಸಿಲು ನೇರವಾಗಿ ಮೈಗೆ ಬೀಳುವುದೇ ಇಲ್ಲ. ಮತ್ತೆ ಕಪ್ಪಾಗಿದ್ದು ಹೇಗೆ?

ಇನ್ನೊಂದು ತಪ್ಪೂ ಮಾಡಿಕೊಂಡಿದ್ದೇನೆ. ಪಾರ್ಕಿಂಗಿನಲ್ಲಿ ಟ್ರಿಪ್‌ಗೆ ಕಾಯುವಾಗ ಒಬ್ಬ ಗೆಳೆಯ ಒಂದು ಟ್ಯೂಬಿನ ಫೋಟೊ ಕಳಿಸಿದ. ಹದಿನೈದು ಗ್ರಾಮಿನ ಸಣ್ಣ ಟ್ಯೂಬು. ಅಂಗಡಿಯವನು ಚೀಟಿಗೀಟಿ ಏನೂ ಕೇಳಲಿಲ್ಲ. ರಾತ್ರಿ ಹಚ್ಚಿ ಮಲಗಿದೆ. ಹತ್ತೇ ದಿನ! ಮುಖ ಫಳಫಳ. ಹೆಂಡತಿ ಕೂಡ "ಏನ್ರೀ, ಮದುವೆ ಗಂಡಿನ ಥರ ಕಾಣ್ತಿದ್ದೀರ" ಅಂದಳು. ಖುಷಿಯಲ್ಲಿ ಎರಡನೇ ಟ್ಯೂಬು, ಮೂರನೇ ಟ್ಯೂಬು ಆಯ್ತು. ಈಗ ಒಂದು ರಾತ್ರಿ ಹಚ್ಚದಿದ್ದರೂ ಮಾರನೇ ದಿನ ಮುಖ ಕೆಂಪಾಗಿ ಉರಿಯುತ್ತೆ. ಗಲ್ಲದ ಹತ್ತಿರ ರಾಗಿ ಕಾಳಿನಷ್ಟು ಗುಳ್ಳೆ ಎದ್ದಿವೆ. ಏಳು ವಾರ ಆಯ್ತು.

ನನ್ನ ದಿನಚರಿ ಹೇಳಿಬಿಡುತ್ತೇನೆ. ಬೆಳಗಿನ ಜಾವ ಮೂರೂವರೆಗೆ ಏಳುತ್ತೇನೆ. ಪೆಟ್ರೋಲ್ ಬಂಕ್ ಸಿಕ್ಕಿದಾಗಲೆಲ್ಲ ಸೋಪು ಹಾಕಿ ಮುಖ ತೊಳೆಯುತ್ತೇನೆ, ದಿನಕ್ಕೆ ಐದಾರು ಸಲ, ನಿದ್ದೆ ಬರಬಾರದಲ್ಲ. ಎಸಿ ಗಾಳಿ ನೇರ ಮುಖಕ್ಕೆ. ನೀರು ಕಡಿಮೆ ಕುಡಿಯುತ್ತೇನೆ, ಯಾಕೆ ಅಂತ ಗಾಡಿ ಓಡಿಸುವವರಿಗೆ ಗೊತ್ತು. ಟೀ ಮಾತ್ರ ಏಳೆಂಟು. ಏನು ಹಚ್ಚಲಿ, ಏನು ಬಿಡಲಿ?


ಹತ್ತು ಚಕ್ರ

ಗುರು, ನಾನು ಹುಬ್ಬಳ್ಳಿಯವನು, ಲಾರಿ. ನಮಗೆ ಎಸಿ ಇಲ್ಲ, ಗಾಜು ಏರಿಸೋ ಮಾತೂ ಇಲ್ಲ. ಅಂಗಿ ಬಿಚ್ಚಿದರೆ ಮೈಮೇಲೆ ನಾಲ್ಕು ಬಣ್ಣ ಕಾಣುತ್ತೆ, ಪೇಂಟ್ ಅಂಗಡಿಯ ಕಾರ್ಡ್ ಇದ್ದ ಹಾಗೆ. ಬಲಗೈ ನಂದೇನಾ ಅಂತ ನನಗೇ ಅನುಮಾನ.

ಸ್ಕೂಟಿ ಓಡಿಸೋ ಹೆಣ್ಮಕ್ಕಳು ಹಾಕಿಕೊಳ್ಳುತ್ತಾರಲ್ಲ, ಉದ್ದ ಕೈಗವಸು, ಅದು ತಗೋ. ನಾನೂ ಹಾಕ್ತೀನಿ. ಮೊದಲ ದಿನ ಕ್ಲೀನರ್ ನಕ್ಕ. ಎರಡನೇ ವಾರ ಅವನೂ ಒಂದು ತಗೊಂಡ. ಟ್ಯೂಬು ಗೀಬು ನನಗೆ ಗೊತ್ತಿಲ್ಲ.


ಮದ್ದಿನಂಗಡಿ

ಅಣ್ಣಾ, ದಾವಣಗೆರೆಯಲ್ಲಿ ನಂದು ಔಷಧಿ ಅಂಗಡಿ, ಹದಿನಾಲ್ಕು ವರ್ಷ ಆಯ್ತು. ಮೊದಲು ಆ ಟ್ಯೂಬಿನ ಮಾತು ಮುಗಿಸೋಣ, ಬಿಸಿಲು ಆಮೇಲೆ.

ಟ್ಯೂಬಿನ ಹಿಂದೆ ಇರುವೆ ಸಾಲಿನ ಹಾಗೆ ಅಕ್ಷರ ಇರುತ್ತೆ. ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ಓದಿ. ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್ ಅಂತ ಮೂರು ಹೆಸರು ಇವೆಯಾ? ಮೂರನೆಯದು ಸ್ಟೀರಾಯ್ಡ್. ಹೆಸರಿನ ಕೊನೆಗೆ 'ಸೋನ್' ಅಥವಾ 'ಸೋಲ್' ಇದ್ದರೆ ಅನುಮಾನ ಪಡಬೇಕು. ಬೀಟಾಮೆಥಾಸೋನ್, ಕ್ಲೋಬೆಟಾಸೋಲ್ ಎಲ್ಲ ಅದೇ ಮನೆತನದವು.

ಇದು ಕಳ್ಳ ಔಷಧಿ ಏನಲ್ಲ. ಮುಖದ ಮೇಲೆ ಬಂಗು ಬಂದವರಿಗೆ ಚರ್ಮದ ಡಾಕ್ಟರು ಕೆಲವು ವಾರಕ್ಕೆ ಅಂತ ಲೆಕ್ಕ ಹಾಕಿ ಬರೆದುಕೊಡುತ್ತಾರೆ. ಜನ ಅದನ್ನು ಬೆಳ್ಳಗಾಗೋ ಕ್ರೀಮ್ ಮಾಡಿಕೊಂಡುಬಿಟ್ಟರು. ಹತ್ತು ದಿನದಲ್ಲಿ ಫಳಫಳ ಆಗುತ್ತಲ್ಲ, ಅದು ಹೇಗೆ ಅಂದರೆ, ಒಂದು ಔಷಧಿ ಬಣ್ಣ ತಯಾರಾಗುವುದನ್ನು ತಡೆಯುತ್ತೆ, ಒಂದು ಮೇಲಿನ ಪದರವನ್ನು ಬೇಗ ಬೇಗ ಉದುರಿಸುತ್ತೆ, ಸ್ಟೀರಾಯ್ಡ್ ರಕ್ತನಾಳ ಕುಗ್ಗಿಸಿ ಕೆಂಪು, ಉರಿ ಎಲ್ಲ ಮುಚ್ಚಿಡುತ್ತೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತೆ. ಸಣ್ಣ ರಕ್ತನಾಳ ಜೇಡರ ಬಲೆ ಥರ ಕಾಣೋಕೆ ಶುರು ಆಗುತ್ತೆ. ಹೆಂಗಸರಿಗೆ ಗಲ್ಲದ ಮೇಲೆ ಕೂದಲೂ ಬರಬಹುದು. ಬಿಟ್ಟ ದಿನ ಮುಚ್ಚಿಟ್ಟದ್ದೆಲ್ಲ ಒಟ್ಟಿಗೆ ಎದ್ದು ಬರುತ್ತೆ. ನಿಮಗೆ ಆಗಿರೋದು ಅದೇ. ಉರಿ ತಡೆಯಲಾರದೆ ಮತ್ತೆ ಹಚ್ಚುತ್ತೀರಿ, ಮತ್ತೆ ಸರಿ ಹೋಯ್ತು ಅನಿಸುತ್ತೆ. ಹಾಗೇ ವರ್ಷಗಟ್ಟಲೆ ಹಚ್ಚಿದವರನ್ನು ನೋಡಿದ್ದೇನೆ.

ಇಂಥ ಹದಿನಾಲ್ಕು ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದು ಅಂತ 2018ರಲ್ಲಿ ಕೇಂದ್ರ ಸರ್ಕಾರ ಆದೇಶ ಮಾಡಿದೆ. ಅದಕ್ಕೆ ಮೊದಲು ಹಲ್ಲುಪುಡಿ ಮಾರಿದ ಹಾಗೆ ಮಾರುತ್ತಿದ್ದೆವು. ಮಾರುತ್ತಿದ್ದೆವು ಅಂದೆನಲ್ಲ, ಅದರಲ್ಲಿ ನಾನೂ ಇದ್ದೇನೆ. ನನ್ನ ಅಂಗಡಿಗೆ ಒಬ್ಬಳು ಹುಡುಗಿ ಬರುತ್ತಿದ್ದಳು, ಬಟ್ಟೆ ಅಂಗಡಿಯಲ್ಲಿ ಕೆಲಸ. ತಿಂಗಳಿಗೆ ಎರಡು ಟ್ಯೂಬು. ಹೊಸದರಲ್ಲಿ ಚೆನ್ನಾಗಿ ಕಾಣುತ್ತಿದ್ದಳು, ನಾನೂ ಹಾಗೇ ಅಂದಿದ್ದೆ. ಒಂದೂವರೆ ವರ್ಷದ ಮೇಲೆ ದುಪಟ್ಟಾದಲ್ಲಿ ಮುಖ ಸುತ್ತಿಕೊಂಡು ಬಂದಳು. ದುಪಟ್ಟಾ ಇಳಿಸಿದಾಗ ನನಗೆ ಮಾತು ಹೊರಡಲಿಲ್ಲ. ಅವಳು ಬೈಯಲಿಲ್ಲ, "ಇದಕ್ಕಿಂತ ಒಳ್ಳೆಯದು ಬೇರೆ ಇದೆಯಾ ಅಣ್ಣಾ" ಅಂತ ಕೇಳಿದಳು. ಅವತ್ತಿನಿಂದ ನನ್ನ ಅಂಗಡಿಯಲ್ಲಿ ಚೀಟಿ ಇಲ್ಲದೆ ಆ ಟ್ಯೂಬು ಹೊರಗೆ ಬರಲ್ಲ. ಗಿರಾಕಿ ಹೋದರೆ ಹೋಗಲಿ.

ನೀವಾಗೇ ಒಮ್ಮೆಗೇ ನಿಲ್ಲಿಸಿ ಒದ್ದಾಡಬೇಡಿ. ಈ ವಾರವೇ ಚರ್ಮದ ಡಾಕ್ಟರ ಹತ್ತಿರ ಹೋಗಿ. ಬೆಂಗಳೂರಿನಲ್ಲಿ ಬೌರಿಂಗ್, ವಿಕ್ಟೋರಿಯಾದಂಥ ಸರ್ಕಾರಿ ಆಸ್ಪತ್ರೆಗಳಲ್ಲೂ ಚರ್ಮದ ವಿಭಾಗ ಇದೆ. ಮೂರೂ ಟ್ಯೂಬು ತೆಗೆದುಕೊಂಡು ಹೋಗಿ, ಖಾಲಿ ಆಗಿದ್ದರೂ ಪರವಾಗಿಲ್ಲ.

ಇನ್ನು ಗಾಜಿನ ವಿಷಯ. ಬಿಸಿಲಿನಲ್ಲಿ ನಮಗೆ ತಾಗುವ ಅತಿನೇರಳೆ ಕಿರಣ ಎರಡು ಥರ. ಯುವಿಬಿ ಅನ್ನುವುದು ಮೈ ಸುಡುತ್ತೆ, ಅದನ್ನು ಗಾಜು ಹೆಚ್ಚುಕಡಿಮೆ ತಡೆಯುತ್ತೆ. ಯುವಿಎ ಅನ್ನುವುದು ಸುಟ್ಟ ಹಾಗೆ ಅನಿಸಲ್ಲ. ಸದ್ದಿಲ್ಲದೆ ಒಳಗೆ ಇಳಿದು ಕಪ್ಪು ಮಾಡುತ್ತೆ, ಸುಕ್ಕು ತರುತ್ತೆ. ಮುಂದಿನ ಗಾಜು ಎರಡು ಪದರದ್ದು, ಮಧ್ಯೆ ಪ್ಲಾಸ್ಟಿಕ್ ಹಾಳೆ ಇರುತ್ತೆ. ಅದು ಯುವಿಎಯನ್ನೂ ಬಹುಪಾಲು ತಡೆಯುತ್ತೆ. ಪಕ್ಕದ ಬಾಗಿಲ ಗಾಜು ಸಾಮಾನ್ಯವಾಗಿ ಒಂದೇ ಪದರ. ಅದರಲ್ಲಿ ಯುವಿಎ ಸುಮಾರಾಗಿ ಒಳಗೆ ಬರುತ್ತೆ. ಎಸಿ ತಂಪಿಗೆ ನಿಮಗೆ ಬಿಸಿಲು ಗೊತ್ತಾಗಲ್ಲ, ಅಷ್ಟೇ.

2012ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಅನ್ನೋ ವೈದ್ಯರ ಪತ್ರಿಕೆಯಲ್ಲಿ ಒಂದು ಫೋಟೊ ಬಂದಿತ್ತು. 28 ವರ್ಷ ಡೆಲಿವರಿ ಲಾರಿ ಓಡಿಸಿದ 69 ವರ್ಷದ ಒಬ್ಬ ಅಮೆರಿಕದ ಮನುಷ್ಯ. ಮುಖದ ಅರ್ಧ ಭಾಗ ಸಾಮಾನ್ಯವಾಗಿದೆ, ಇನ್ನರ್ಧ ಅವರ ಅಪ್ಪನ ಮುಖದ ಹಾಗಿದೆ. ಅಲ್ಲಿ ಸ್ಟೀರಿಂಗ್ ಎಡಕ್ಕಲ್ವಾ, ಹಾಗಾಗಿ ಅವರದ್ದು ಎಡಗೆನ್ನೆ. ನಿಮ್ಮದು ಬಲಗೆನ್ನೆ.

ಸೋಪು ದಿನಕ್ಕೆ ಆರು ಸಲ ಅಂದರೆ ಅನ್ಯಾಯ. ಚರ್ಮದ ಮೇಲ್ಮೈ ಸ್ವಲ್ಪ ಹುಳಿ ಸ್ವಭಾವದ್ದು, ಹುಳಿ-ಕ್ಷಾರ ಅಳೆಯೋ ಪಿಎಚ್ ಲೆಕ್ಕದಲ್ಲಿ 5ರ ಆಸುಪಾಸು. ಸಾಮಾನ್ಯ ಸೋಪು 9, 10, ಅಂದರೆ ಕ್ಷಾರ. ಮೇಲಿಂದ ಬಂಕಿನ ಬೋರ್‌ವೆಲ್ ಗಡಸು ನೀರು, ಅದರಲ್ಲಿ ಸೋಪು ಪೂರ್ತಿ ಹೋಗುವುದೇ ಇಲ್ಲ, ಬಿಳಿ ಪುಡಿಯಂತೆ ಉಳಿಯುತ್ತೆ. ಬಕೆಟ್ ಒಳಗೆ ಅಂಟಿರುತ್ತಲ್ಲ, ಅದೇ. ನಿದ್ದೆ ಓಡಿಸೋಕೆ ಬರೀ ನೀರು ಸಾಕು. ಸೋಪು ಸಂಜೆ ಮನೆಗೆ ಬಂದಮೇಲೆ ಒಂದೇ ಸಲ.


ಶಿರಸಿ ಅತ್ತೆ

ತಮ್ಮಾ, ಮೇಲಿನವರು ಹೇಳಿದ್ದು ಸರಿ ಇದೆ. ನನಗೆ 61. ಡಾಕ್ಟರು ನೋಡಿ ಮುಖ ಶಾಂತ ಆಗುವವರೆಗೆ ಮನೆಮದ್ದನ್ನೂ ಹಚ್ಚಬೇಡ. ಕೆಂಪಾದ ಮುಖಕ್ಕೆ ಅರಿಶಿನ, ಕಡಲೆಹಿಟ್ಟು ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಬೇಡ.

ಅದಕ್ಕಿಂತ ಮುಖ್ಯ, ಲಿಂಬೆಹಣ್ಣು ತಿಕ್ಕಬೇಡ. ಇದನ್ನು ನಾನು ಅನುಭವಿಸಿ ಹೇಳುತ್ತಿದ್ದೇನೆ. ಒಂದು ವರ್ಷ ಉಪ್ಪಿನಕಾಯಿಗೆ ಇನ್ನೂರು ಲಿಂಬೆ ಹೆಚ್ಚಿದೆ. ಕೈಯನ್ನು ಸುಮ್ನೆ ಸೆರಗಿಗೆ ಒರೆಸಿಕೊಂಡು ಅಂಗಳಕ್ಕೆ ಇಳಿದೆ, ಅಡಿಕೆ ಹರವಿದ್ದೆವು, ಮಗುಚುವುದಿತ್ತು. ಒಂದು ತಾಸು ಬಿಸಿಲಲ್ಲಿ ಇದ್ದೆ. ಎರಡು ದಿನ ಬಿಟ್ಟು ಕೈಮೇಲೆ ಸುಟ್ಟ ಹಾಗೆ ಗುಳ್ಳೆ, ಆಮೇಲೆ ಕಂದು ಕಲೆ. ರಸ ಎಲ್ಲೆಲ್ಲಿ ಹರಿದಿತ್ತೋ ಅಲ್ಲೆಲ್ಲ ಗೆರೆ ಎಳೆದ ಹಾಗೆ. ದೀಪಾವಳಿವರೆಗೂ ಇತ್ತು. ಲಿಂಬೆ ಜಾತಿಯ ರಸಕ್ಕೆ ಬಿಸಿಲು ಸೇರಿದರೆ ಹೀಗಾಗುತ್ತೆ ಅಂತ ಡಾಕ್ಟರು ಹೇಳಿದರು. ಮುಖ ಬೆಳ್ಳಗಾಗುತ್ತೆ ಅಂತ ಅದನ್ನು ಹಚ್ಚಿ ಹೊರಗೆ ಹೋಗುವವರನ್ನು ಕಂಡರೆ ನನಗೆ ಈಗಲೂ ಕೈ ತುರಿಸುತ್ತೆ.

ಸರಿ ಹೋದಮೇಲೆ ಎಣ್ಣೆಸ್ನಾನ ಮಾಡು. ವಾರಕ್ಕೊಂದು ದಿನ, ಟ್ರಿಪ್ ಇಲ್ಲದ ದಿನ. ಮೈಗೆ ಕೊಬ್ಬರಿ ಎಣ್ಣೆ ಅಥವಾ ಎಳ್ಳೆಣ್ಣೆ, ಅರ್ಧ ತಾಸು ಬಿಟ್ಟು ಹೆಸರುಹಿಟ್ಟು ಹಾಕಿ ತೊಳೆ. ಹಿಟ್ಟು ನುಣ್ಣಗಿರಬೇಕು, ತರಿ ಇದ್ದರೆ ಗೀರುತ್ತೆ. ತಿಕ್ಕಬೇಡ, ಒತ್ತಿ ತೊಳೆ. ಮೊಡವೆ ಬರುವ ಮುಖಕ್ಕೆ ಮಾತ್ರ ಕೊಬ್ಬರಿ ಎಣ್ಣೆ ಬೇಡ, ರಂಧ್ರ ಕಟ್ಟುತ್ತೆ. ಮೈ ಕೈಗೆ ಸಾಕು. ತಲೆಗೆ ಎಣ್ಣೆ ಹಾಕಿ ಹಾಗೇ ಮಲಗಿದರೆ ಹಣೆಯ ಮೇಲೆ ಗುಳ್ಳೆ ಬರುವುದೂ ಅದಕ್ಕೇ.

ಇನ್ನೊಂದು. ನಿನ್ನ ಟವೆಲ್ ಎಲ್ಲಿರುತ್ತೆ? ಸೀಟಿನ ತಲೆಗೆ ಹೊದಿಸಿದ್ದೇ ಆದರೆ ಅದನ್ನು ಒಗೆದು ಎಷ್ಟು ದಿನ ಆಯ್ತು?


ಹೆಬ್ಬಾಳ ಜಾಮ್

ಅತ್ತೇ, ನೀವು ನಮ್ಮ ಗಾಡಿಯಲ್ಲಿ ಯಾವಾಗಲಾದರೂ ಕೂತಿದ್ದೀರಾ? ಟವೆಲ್ ಸೀಟಿನ ತಲೆಗೇ ಇರುತ್ತೆ. ಡ್ಯಾಶ್‌ಬೋರ್ಡ್ ಒರೆಸೋದೂ ಅದರಲ್ಲೇ, ಮುಖ ಒರೆಸೋದೂ ಅದರಲ್ಲೇ. ಹೇಳೋಕೆ ನಾಚಿಕೆ ಆಗ್ತಿದೆ.

ಟ್ಯೂಬಿನ ಫೋಟೊ ದೊಡ್ಡದು ಮಾಡಿ ನೋಡಿದೆ. ಮೂರೂ ಹೆಸರು ಅವೇ. ಎಡಗಡೆ ಒಂದು ಕೆಂಪು ಗೆರೆಯೂ ಇದೆ, ಚೀಟಿ ಇಲ್ಲದೆ ತಗೋಬಾರದು ಅನ್ನೋ ಗುರುತಂತೆ, ನಾನು ಡಿಸೈನ್ ಅಂದುಕೊಂಡಿದ್ದೆ.

ಗಾಜಿನ ಮಾತು ಓದಿದ ಮೇಲೆ ಬೆಳಿಗ್ಗೆ ಟ್ರಿಪ್ಪಿನಲ್ಲಿ ಗಮನ ಇಟ್ಟು ನೋಡಿದೆ. ಊರೊಳಗಿಂದ ದೇವನಹಳ್ಳಿಗೆ ಹೋಗುವಾಗ ಗಾಡಿ ಉತ್ತರಕ್ಕೆ, ಸೂರ್ಯ ಪೂರ್ವದಲ್ಲಿ, ಅಂದರೆ ನನ್ನ ಬಲಕ್ಕೆ. ಸಂಜೆ ವಾಪಸ್ ಬರುವಾಗ ಗಾಡಿ ದಕ್ಷಿಣಕ್ಕೆ. ಅಷ್ಟೊತ್ತಿಗೆ ಸೂರ್ಯ ಪಶ್ಚಿಮಕ್ಕೆ ಹೋಗಿರುತ್ತಾನೆ, ಮತ್ತೆ ನನ್ನ ಬಲಕ್ಕೇ! ಒಂಬತ್ತು ವರ್ಷದಿಂದ ಎರಡು ಹೊತ್ತೂ ಒಂದೇ ಕೆನ್ನೆಗೆ ಬಾರಿಸುತ್ತಾ ಇದ್ದಾನೆ. ಹೆಬ್ಬಾಳದಲ್ಲಿ ನಲವತ್ತು ನಿಮಿಷ ನಿಂತಾಗಲೂ ಅದೇ ಕೆನ್ನೆ.

ಗಾಜಿಗೆ ಫಿಲ್ಮ್ ಹಾಕಿಸೋಣ ಅಂದರೆ ಪೊಲೀಸರು ಕೀಳಿಸುತ್ತಾರೆ, 2012ರಲ್ಲಿ ಸುಪ್ರೀಂ ಕೋರ್ಟ್ ಹೇಳಿದಾಗಿನಿಂದ ಅದೊಂದು ತಲೆನೋವು. ಹಾಗಾಗಿ ಸನ್‌ಸ್ಕ್ರೀನೇ ಗತಿ ಅನಿಸುತ್ತೆ. ಆದರೆ ಅದು ಹಚ್ಚಿದರೆ ನಮ್ಮ ಬಣ್ಣದವರು ಬೂದಿ ಬಳಿದುಕೊಂಡ ಹಾಗೆ ಕಾಣುತ್ತೇವೆ ಅಲ್ವಾ? ಗುರುವಾರ ರಜೆ ಹಾಕಿ ಆಸ್ಪತ್ರೆಗೆ ಹೋಗುತ್ತಿದ್ದೇನೆ.


ರಾತ್ರಿ ಪಾಳಿ

ಅಣ್ಣಾ, ಬೂದಿ ವಿಷಯಕ್ಕೆ ನಾನು ಹೇಳುತ್ತೇನೆ, ಹೆರಿಗೆ ಆದಮೇಲೆ ನನಗೆ ಎರಡೂ ಕೆನ್ನೆಗೆ ಬಂಗು ಬಂದು ಆರು ವರ್ಷದಿಂದ ಸನ್‌ಸ್ಕ್ರೀನ್ ಹಚ್ಚುತ್ತಿದ್ದೇನೆ.

ಝಿಂಕ್ ಆಕ್ಸೈಡ್ ಜಾಸ್ತಿ ಇರೋದು ಬೂದಿಬೂದಿ ಕಾಣುತ್ತೆ. ಆದರೆ ಬೆವರಿಗೆ ಕಣ್ಣಿಗಿಳಿದರೆ ಉರಿ ಕಡಿಮೆ, ಬೇಗ ಕೆರಳುವ ಚರ್ಮಕ್ಕೂ ಅದೇ ವಾಸಿ. ಜೆಲ್ ಥರದ್ದು ಬೂದಿ ಕಾಣಲ್ಲ, ಕೆಲವರಿಗೆ ಕಣ್ಣು ಉರಿಯುತ್ತೆ. ಮೂರನೆಯದು ಬಣ್ಣ ಇರೋದು, ಟಿಂಟೆಡ್ ಅಂತ ಕೊಡುತ್ತಾರೆ. ಅದರಲ್ಲಿ ಐರನ್ ಆಕ್ಸೈಡ್ ಇರುತ್ತೆ, ನಮ್ಮ ಕೆಮ್ಮಣ್ಣಿನ ಬಣ್ಣ. ಬರೀ ಬೆಳಕಿಗೂ ಬಂಗು ಜಾಸ್ತಿ ಆಗುತ್ತೆ, ಅದನ್ನು ಸ್ವಲ್ಪ ತಡೆಯೋದು ಇದೊಂದೇ. ನಮ್ಮ ಬಣ್ಣಕ್ಕೂ ಹೊಂದುತ್ತೆ. ನಾನು ಅದಕ್ಕೇ ನಿಂತಿದ್ದೇನೆ.

ನೋಡಬೇಕಾದ್ದು ಎರಡೇ. ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಜಾಸ್ತಿ ಇರಬೇಕು, ಪಿಎ ಪಕ್ಕದಲ್ಲಿ ಕನಿಷ್ಠ ಮೂರು ಪ್ಲಸ್ ಇರಬೇಕು. ಎಸ್‌ಪಿಎಫ್ ಯುವಿಬಿ ಲೆಕ್ಕ, ಪಿಎ ಯುವಿಎ ಲೆಕ್ಕ. ನಿಮ್ಮ ಗಾಜಿನ ಕಥೆಗೆ ಪಿಎ ಮುಖ್ಯ. ಎಸ್‌ಪಿಎಫ್ 30 ಸರಿಯಾಗಿ ಹಚ್ಚಿದರೆ ನೂರಕ್ಕೆ 97ರಷ್ಟು ತಡೆಯುತ್ತೆ, 50 ಆದರೆ 98. ಆ ಒಂದಕ್ಕೋಸ್ಕರ ದುಡ್ಡು ಸುರಿಯೋದು ಬೇಡ. ಕಡಿಮೆ ಹಚ್ಚುವುದೇ ಎಲ್ಲರ ತಪ್ಪು. ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಹಿಂಡಬೇಕು, ಮುಖ ಮತ್ತು ಕತ್ತಿಗೆ ಅಷ್ಟು ಬೇಕು. ಮೊದಲ ಸಲ ನೋಡಿದಾಗ "ಇಷ್ಟಾ?" ಅನಿಸುತ್ತೆ. ಹಾಗೆ ದಿನಕ್ಕೆ ಎರಡು ಸಲ ಹಚ್ಚಿದರೆ 50 ಗ್ರಾಮಿನ ಟ್ಯೂಬು ತಿಂಗಳು ಬರಲ್ಲ. ಆರು ತಿಂಗಳಿಂದ ಒಂದೇ ಟ್ಯೂಬು ಇದೆ ಅನ್ನುವವರು ಹಚ್ಚುತ್ತಿಲ್ಲ ಅಂತ ಅರ್ಥ.

ಬಿಸಿಲಲ್ಲಿದ್ದರೆ ಎರಡು ಗಂಟೆಗೊಮ್ಮೆ ಹಚ್ಚಬೇಕು ಅನ್ನೋದು ನಿಯಮ. ನಿಮಗೆ ಆಗುವ ಮಾತಲ್ಲ, ಗೊತ್ತು. ಪಾರ್ಕಿಂಗಿನಲ್ಲಿ ಕಾಯುವಾಗ ಒಂದು ಸಲ, ಮಧ್ಯಾಹ್ನ ಊಟ ಆದಮೇಲೆ ಒಂದು ಸಲ ಹಚ್ಚಿ ನೋಡಿ. ಕಿವಿ ಮರೆಯಬೇಡಿ.


ಹೆಬ್ಬಾಳ ಜಾಮ್ (ಆಸ್ಪತ್ರೆಗೆ ಹೋಗಿ ಬಂದಮೇಲೆ)

ಸ್ವಲ್ಪ ಉದ್ದ ಬರೆಯುತ್ತೇನೆ, ಕ್ಷಮಿಸಿ. ಆಗಿದ್ದೇ ಹಾಗಿದೆ.

ಡಾಕ್ಟರಮ್ಮ ಟ್ಯೂಬುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು. "ಇವತ್ತಿಂದು ಇದು ನಾಲ್ಕನೇ ಕೇಸು" ಅಂದರು. ಬೈಯಲಿಲ್ಲ. ಬೇರೆ ಮುಲಾಮು ಬರೆದರು, ಸ್ಟೀರಾಯ್ಡ್ ಇಲ್ಲದ್ದು. ವಾಸನೆ ಇಲ್ಲದ ಸಾದಾ ಮಾಯಿಶ್ಚರೈಸರ್ ಬರೆದರು, ಮುಖ ಇನ್ನೂ ತೇವ ಇರುವಾಗಲೇ ಹಚ್ಚಬೇಕಂತೆ. ಎರಡು ಮೂರು ವಾರ ಮುಖ ಇನ್ನೂ ಕೆಡುತ್ತೆ, ಹೆದರಿ ಹಳೇ ಟ್ಯೂಬಿಗೆ ಕೈ ಹಾಕಬೇಡಿ ಅಂದರು. ಮೊದಲ ಎರಡು ವಾರ ಶೇವಿಂಗ್, ಬ್ಲೀಚ್, ಫೇಶಿಯಲ್ ಏನೂ ಬೇಡ ಅಂದರು. ಗಡ್ಡ ಬಿಟ್ಟಿದ್ದೇನೆ. ಅರ್ಧ ಕೆನ್ನೆಯಂತೂ ಮುಚ್ಚಿತು!

ಇಷ್ಟೇ ಆಗಿದ್ದರೆ ನಾಲ್ಕು ಸಾಲು ಬರೆದು ಮುಗಿಸುತ್ತಿದ್ದೆ. ಏಳುವಾಗ ಅವರು "ಸ್ವಲ್ಪ ತಿರುಗಿ, ಕಾಲರ್ ಇಳಿಸಿ" ಅಂದರು. ನನ್ನ ಕತ್ತಿನ ಹಿಂದೆ ಮಡಿಕೆ ಇರೋ ಕಡೆ ಕಪ್ಪಿದೆ. ಮುಟ್ಟಿದರೆ ಮಖಮಲ್ ಥರ ದಪ್ಪಗೆ. ನಾನು ಕೊಳೆ ಅಂದುಕೊಂಡಿದ್ದೆ. ಹೆಂಡತಿಯೂ ಹಾಗೇ ಅಂದುಕೊಂಡು ಭಾನುವಾರ ಭಾನುವಾರ ತೆಂಗಿನ ನಾರಿನಲ್ಲಿ ತಿಕ್ಕುತ್ತಿದ್ದಳು, ಪಾತ್ರೆ ತಿಕ್ಕಿದ ಹಾಗೆ. ನಾನು "ಸಾಕು ಕಣೇ" ಅಂದರೂ ಬಿಡುತ್ತಿರಲಿಲ್ಲ. ಡಾಕ್ಟರಮ್ಮ ಕೇಳಿದ್ದು ಒಂದೇ ಪ್ರಶ್ನೆ, "ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇದೆಯಾ?"

ಅಪ್ಪನಿಗೆ ಇತ್ತು.

ಅದು ಕೊಳೆಯೂ ಅಲ್ಲ, ಬಿಸಿಲೂ ಅಲ್ಲವಂತೆ. ಮೈಯಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದೆ ರಕ್ತದಲ್ಲಿ ಜಾಸ್ತಿ ಆದಾಗ ಕತ್ತು, ಕಂಕುಳಲ್ಲಿ ಚರ್ಮ ಹೀಗೆ ದಪ್ಪಗಾಗಿ ಕಪ್ಪಾಗುತ್ತಂತೆ. ತಿಕ್ಕಿದರೆ ಇನ್ನೂ ಜಾಸ್ತಿ ಆಗುತ್ತಂತೆ. ಎಚ್‌ಬಿಎ1ಸಿ ಅನ್ನೋ ರಕ್ತಪರೀಕ್ಷೆಗೆ ಬರೆದುಕೊಟ್ಟರು. 6.1 ಬಂತು. 5.7ರ ಒಳಗಿರಬೇಕು, 6.5 ಮುಟ್ಟಿದರೆ ಸಕ್ಕರೆ ಕಾಯಿಲೆ. ನಾನು ನಡುವೆ ನಿಂತಿದ್ದೇನೆ, ಟೋಲ್‌ನಲ್ಲಿ ನಿಂತ ಹಾಗೆ. ಏಳೆಂಟು ಟೀ ಅಂದರೆ ದಿನಕ್ಕೆ ಎಷ್ಟು ಚಮಚ ಸಕ್ಕರೆ ಅಂತ ಅವರೇ ಲೆಕ್ಕ ಹಾಕಿಸಿದರು. ಹದಿನಾರು.

ಮುಖದ ಕಾಂತಿಗೆ ಅಂತ ಹೋದವನು ರಕ್ತ ಕೊಟ್ಟು ಬಂದೆ. ಹೆಂಡತಿ ಮನೆಯಲ್ಲಿ ಸುಮ್ಮನೆ ಕೂತಿದ್ದಳು. ಆಮೇಲೆ ನಾರನ್ನು ಎತ್ತಿ ಬಚ್ಚಲಿನ ಅಟ್ಟದ ಮೇಲೆ ಎಸೆದಳು.


ಮದ್ದಿನಂಗಡಿ

ಒಳ್ಳೆಯದಾಯ್ತು ಅಣ್ಣಾ, ಈ ಹಂತದಲ್ಲಿ ಗೊತ್ತಾಗಿದ್ದು. ತೂಕ ಸ್ವಲ್ಪ ಇಳಿಸಿ, ನಡೆಯಿರಿ. ಪಾರ್ಕಿಂಗಿನಲ್ಲಿ ಕಾಯುವ ಹೊತ್ತಿದೆಯಲ್ಲ, ಸಂಜೆ ಬಿಸಿಲಿಳಿದಮೇಲೆ ಅಲ್ಲೇ ಸುತ್ತು ಹಾಕಿ. ಸಕ್ಕರೆ ಹತೋಟಿಗೆ ಬಂದರೆ ಕತ್ತಿನ ಕಪ್ಪೂ ನಿಧಾನವಾಗಿ ತಿಳಿಯಾಗುತ್ತೆ. ಅದಕ್ಕೆ ಅಂತ ಯಾವ ಕ್ರೀಮೂ ಕೊಳ್ಳಬೇಡಿ.

ನೀರಿನ ವಿಷಯ ಒಂದು ಮಾತು. ನೀರು ಜಾಸ್ತಿ ಕುಡಿದರೆ ಮುಖ ಹೊಳೆಯುತ್ತೆ ಅಂತ ಎಲ್ಲರೂ ಹೇಳುತ್ತಾರೆ. ಅಷ್ಟು ನೇರ ಸಂಬಂಧ ಇಲ್ಲ, ಒಣಗಿದ ಚರ್ಮಕ್ಕೆ ಮಾಯಿಶ್ಚರೈಸರ್ರೇ ಬೇಕು. ಆದರೆ ನೀವು ಮೂತ್ರ ಕಟ್ಟಿಕೊಂಡು ಕೂರುವುದು ಬೇರೆ ಕಾಯಿಲೆಗೆ ದಾರಿ. ಕುಡಿಯಿರಿ.

ನಿಮ್ಮ ಗೆಳೆಯ ಇನ್ನೂ ಆ ಟ್ಯೂಬಿನ ಫೋಟೊ ಹಂಚುತ್ತಿದ್ದಾನಾ? ಅವನಿಗೂ ಹೇಳಿ. ಹೊರಗಿನಿಂದ ಯಾರೋ ತಂದ, ತಯಾರಿಸಿದವರ ವಿಳಾಸವೇ ಇಲ್ಲದ ಕ್ರೀಮುಗಳೂ ಓಡಾಡುತ್ತಿವೆ, ಅವು ಇನ್ನೂ ಅಪಾಯ. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ 2023ರಲ್ಲಿ ಅಂಥ ಕ್ರೀಮ್ ಹಚ್ಚಿದವರ ಕಿಡ್ನಿಗೆ ತೊಂದರೆ ಆಗಿದ್ದು ಸುದ್ದಿಯಾಗಿತ್ತು. ಪಾದರಸ ಇತ್ತಂತೆ.


ಹತ್ತು ಚಕ್ರ

ಇದನ್ನ ಓದಿ ನಾನು ಕನ್ನಡಿ ಹಿಡಿದು ಕತ್ತು ನೋಡೋಕೆ ಹೋದೆ. ಕಾಣಲ್ಲ. ಕ್ಲೀನರ್‌ಗೆ ಫೋಟೊ ತೆಗೆಯೋಕೆ ಹೇಳಿದೆ. ಗ್ರೀಸ್ ಅಂತೆ. ಬದುಕಿದೆ.


ಹೆಬ್ಬಾಳ ಜಾಮ್ (ಏಳು ವಾರದ ನಂತರ)

ಎಲ್ಲರೂ ಕೇಳುತ್ತಿದ್ದೀರಿ ಅಂತ ಬರೆಯುತ್ತಿದ್ದೇನೆ.

ಮೊದಲ ಮೂರು ವಾರ ನರಕ. ಮುಖ ಮೆಣಸಿನಪುಡಿ ಹಾಕಿ ತೊಳೆದ ಹಾಗೆ. ಒಂದು ರಾತ್ರಿ ಟ್ಯೂಬು ಕೈಗೆ ತೆಗೆದುಕೊಂಡಿದ್ದೆ, ಹೆಂಡತಿ ಕಿತ್ತುಕೊಂಡು ಟಾಯ್ಲೆಟ್ಟಿಗೆ ಹಿಂಡಿಬಿಟ್ಟಳು. ನಾಲ್ಕನೇ ವಾರದಿಂದ ಉರಿ ಇಳಿಯಿತು. ಈಗ ಗುಳ್ಳೆ ಇಲ್ಲ. ಫಳಫಳ ಇಲ್ಲ. ಮುಟ್ಟಿದರೆ ಮೃದುವಾಗಿದೆ, ಬೆಳಿಗ್ಗೆ ಎದ್ದಾಗ ಬಿಗಿದ ಹಾಗೆ ಅನಿಸಲ್ಲ, ಅಷ್ಟೇ. ಬಲಗೆನ್ನೆ ಇನ್ನೂ ಕಪ್ಪೇ. ತಿಂಗಳುಗಟ್ಟಲೆ ಬೇಕು ಅಂದಿದ್ದಾರೆ, ಪೂರ್ತಿ ಹೋಗದೆಯೂ ಇರಬಹುದಂತೆ. ಇರಲಿ.

ಸೋಪು ಒಂದೇ ಸಲ. ಎಸಿ ಗಾಳಿ ಮುಖದಿಂದ ಎದೆಗೆ ತಿರುಗಿಸಿದ್ದೇನೆ. ಟೀ ಮೂರು, ಸಕ್ಕರೆ ಇಲ್ಲ, ಮೊದಲ ವಾರ ಕಷಾಯ ಕುಡಿದ ಹಾಗಿತ್ತು. ಅತ್ತೆ ಹೇಳಿದ ಹಾಗೆ ಮುಖಕ್ಕೆ ಬೇರೆ ಟವೆಲ್, ಹೆಂಡತಿ ಏಳು ಸಣ್ಣ ಟವೆಲ್ ಹೊಲಿದು ಕೊಟ್ಟಿದ್ದಾಳೆ, ವಾರಕ್ಕೆ ಏಳು. ಕೈಗವಸೂ ತಗೊಂಡೆ, ಬಲಗೈಗೆ. ಜೋಡಿಯಾಗಿ ಬಂತು, ಎಡಗೈದು ಹಾಗೇ ಬಿದ್ದಿದೆ.

ಡಾಕ್ಟರಮ್ಮನನ್ನು ಕೇಳಿ ಸನ್‌ಸ್ಕ್ರೀನ್ ಶುರು ಮಾಡಿದೆ, ಬಣ್ಣ ಇರೋದು. ಒಂದು ಸಮಸ್ಯೆ ಇದೆ. ಟ್ಯೂಬನ್ನು ಡ್ಯಾಶ್‌ಬೋರ್ಡ್ ಮೇಲೆ ಇಟ್ಟಿದ್ದೆ, ಮರೆಯಬಾರದು ಅಂತ. ಮಧ್ಯಾಹ್ನ ಮುಚ್ಚಳ ತೆಗೆದರೆ ಎಣ್ಣೆ ಬೇರೆ, ನೀರು ಬೇರೆ ಆಗಿ ಅಂಗಿಯ ಮೇಲೆಲ್ಲ ಚೆಲ್ಲಿತು. ಇನ್ನೂ ಹಚ್ಚಬಹುದಾ?


ಮದ್ದಿನಂಗಡಿ

ಬೇಡ, ಎಸೆಯಿರಿ. ಬಿಸಿಲಲ್ಲಿ ನಿಂತ ಕಾರಿನೊಳಗಿನ ಶಾಖಕ್ಕೆ ಒಡೆದಿದೆ, ಇನ್ನು ಅದು ಕೆಲಸ ಮಾಡುತ್ತೆ ಅಂತ ನಂಬೋ ಹಾಗಿಲ್ಲ. ಹೊಸದನ್ನು ಊಟದ ಚೀಲದಲ್ಲಿ ಇಡಿ. ಮಜ್ಜಿಗೆ ತರುತ್ತೀರಾ? ಆ ಬಾಟಲಿ ಪಕ್ಕ.


ಹೆಬ್ಬಾಳ ಜಾಮ್

ಮಜ್ಜಿಗೆ ಪಕ್ಕವೇ ಇಟ್ಟೆ. ನಿನ್ನೆ ರಾತ್ರಿ ಹೆಂಡತಿ ಡಬ್ಬಿಗಳ ಜೊತೆ ಅದನ್ನೂ ವಿಮ್ ಹಾಕಿ ತೊಳೆದು ಬೋರಲು ಹಾಕಿದ್ದಾಳೆ. ಮೇಲಿನ ಅಕ್ಷರ ಹೋಗಿದೆ, ಒಳಗಿನದು ಚೆನ್ನಾಗಿದೆ.